ಬೇಯಿಸಿದ ಹಾಗಲಕಾಯಿಯ ಲೆಕ್ಕ

(ನಮ್ಮ ಜುಬೈಲ್ ಘಟಕದ ಕುಟುಂಬ ಸಮ್ಮಿಲನದಲ್ಲಿ ನಡೆದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಈ ಮೈಕಿನ ಮುಂದೆ ನನ್ನನ್ನು ನಿಲ್ಲಿಸುವುದು ಹಣದ ವಿಷಯಕ್ಕೆ. ಎನ್‌ಆರ್‌ಇ ಖಾತೆ ಯಾವುದು, ಎನ್‌ಆರ್‌ಓ ಯಾವುದು, ಊರಲ್ಲಿ ಮನೆ ಕಟ್ಟುವವರು ಎಷ್ಟು ಸಾಲ ಮಾಡಬಹುದು, ಇಂಥದ್ದು. ಈ ಸಲ ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನೇ ಹೇಳಿದೆ, ಹಾಗಲಕಾಯಿ ಬಗ್ಗೆ ಮಾತಾಡ್ತೇನೆ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಯಾವ ಕಂಪೆನಿ?" ಅಂತ ಕೇಳಿದರು. ಕಂಪೆನಿ ಅಲ್ಲ, ತರಕಾರಿ. ಇಲ್ಲಿಯ ಬಕಾಲದಲ್ಲಿ ಕರೇಲಾ ಅಂತ ಸಿಗುತ್ತದಲ್ಲ, ಅದೇ. ಊರಲ್ಲಿ ತುಳುವರು ಕಂಚಾಲ್ ಅಂತಾರೆ, ನಮ್ಮ ರೂಮಿನ ಪಕ್ಕದ ಮಲಬಾರಿಗಳು ಕೈಪ್ಪಕ್ಕ, ಪಾವಯ್ಕ ಅಂತಾರೆ.

ಮೊದಲೇ ಒಂದು ಮಾತು. ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿದವನು, ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕ ಬರೆಯುವವನು. ಆದರೆ ಶುಗರ್ ಇರುವವನು. 43ನೇ ವಯಸ್ಸಿಗೆ ನನಗೆ ಡಯಾಬಿಟಿಸ್ ಅಂತ ಗೊತ್ತಾಯಿತು. ಈ ಸಭೆಯಲ್ಲಿ ಕೈ ಎತ್ತಿ ಅಂತ ಹೇಳಿದರೆ ಎಷ್ಟು ಕೈ ಮೇಲೆ ಬರಬಹುದು ಅಂತ ನನಗೊಂದು ಅಂದಾಜು ಉಂಟು. ಎತ್ತಬೇಡಿ, ಹೆಂಡತಿಗೆ ಹೇಳದವರೂ ಇರಬಹುದು. ನಮ್ಮ ದೇಶದ ಐಸಿಎಂಆರ್ ನಡೆಸಿದ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಬಾಗಿಲಲ್ಲಿ ನಿಂತಿದ್ದಾರೆ ಅಂತ ಅದರಲ್ಲಿದೆ. ಗಲ್ಫಿಗೆ ಬಂದವರು ಆ ಲೆಕ್ಕದಲ್ಲಿ ಇಲ್ಲ. ನಾವು ಆ ಪುಸ್ತಕದಲ್ಲೂ ಇಲ್ಲ, ಈ ಪುಸ್ತಕದಲ್ಲೂ ಇಲ್ಲ.

ಈಗ ಹಾಗಲಕಾಯಿಗೆ ಬರುತ್ತೇನೆ. ಇದರ ಬಗ್ಗೆ ನಮ್ಮಲ್ಲಿ ಎರಡೇ ಪಕ್ಷ. ಒಂದು, ತಟ್ಟೆಯ ಅಂಚಿಗೆ ತಳ್ಳುವವರು. ಇನ್ನೊಂದು, ಇದರಿಂದ ಸಕ್ಕರೆ ಕಾಯಿಲೆಯೇ ಹೋಗುತ್ತದೆ ಅನ್ನುವವರು. ಎರಡನೇ ಪಕ್ಷದವರು ವಾಟ್ಸಾಪಿನಲ್ಲಿ ಜಾಸ್ತಿ. ನಾನೂ ಒಂದು ಕಾಲಕ್ಕೆ ಆ ಪಕ್ಷದಲ್ಲಿದ್ದೆ, ಅದರ ಕಥೆ ಆಮೇಲೆ ಹೇಳ್ತೇನೆ. ಮೊದಲು ಲೆಕ್ಕ.

ನೀವೆಲ್ಲ ಸಂಬಳದ ಚೀಟಿ ನೋಡಿದ್ದೀರಿ. ಗ್ರಾಸ್ ಒಂದು, ನೆಟ್ ಒಂದು. ಏಜೆಂಟ್ ಊರಲ್ಲಿ ಹೇಳುವುದು ಗ್ರಾಸ್, ಇಲ್ಲಿ ಕೈಗೆ ಬರುವುದು ನೆಟ್. ತರಕಾರಿಗೂ ಹಾಗೆಯೇ. ಹಾಗಲಕಾಯಿಯಲ್ಲಿ ಇಷ್ಟು ವಿಟಮಿನ್ ಉಂಟು ಅಂತ ಬರೆಯುವವರು ಹೆಚ್ಚಾಗಿ ಹಸಿ ಕಾಯಿಯ ಲೆಕ್ಕ ಕೊಡುತ್ತಾರೆ. ನಾವು ತಿನ್ನುವುದು ಬೇಯಿಸಿದ್ದು. ಅಮೆರಿಕದ ಕೃಷಿ ಇಲಾಖೆ ಆಹಾರಗಳ ದೊಡ್ಡ ಪಟ್ಟಿಯೊಂದನ್ನು ಇಟ್ಟಿದೆ. ಅದರಲ್ಲಿ ಹಸಿ ಹಾಗಲಕ್ಕೆ ಬೇರೆ, ನೀರಲ್ಲಿ ಬೇಯಿಸಿ ನೀರು ಬಸಿದ ಹಾಗಲಕ್ಕೆ ಬೇರೆ ಲೆಕ್ಕ ಉಂಟು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಇದು ನನ್ನ ವೃತ್ತಿಯ ಚಟ, ಎರಡು ಕಾಲಂ ಕಂಡರೆ ಹೋಲಿಸದೆ ಇರಲಿಕ್ಕೆ ಆಗುವುದಿಲ್ಲ.

100 ಗ್ರಾಂ ಹಸಿ ಹಾಗಲಕಾಯಿಯಲ್ಲಿ ವಿಟಮಿನ್ ಸಿ 84 ಮಿಲಿಗ್ರಾಂ. ಬೇಯಿಸಿ ಬಸಿದ 100 ಗ್ರಾಂನಲ್ಲಿ 33 ಮಿಲಿಗ್ರಾಂ. ನೂರಕ್ಕೆ 60ರಷ್ಟು ಕಡಿತ! ಯಾವ ಕಫೀಲನೂ ಇಷ್ಟು ಕಡಿತ ಮಾಡಲಿಕ್ಕಿಲ್ಲ. ಎಲ್ಲಿ ಹೋಯಿತು? ಸ್ವಲ್ಪ ಬಿಸಿಗೆ ಹಾಳಾಯಿತು, ಸ್ವಲ್ಪ ನೀರಿಗೆ ಇಳಿಯಿತು. ಆ ನೀರನ್ನು ನಾವು ಸಿಂಕಿಗೆ ಚೆಲ್ಲಿದೆವು. ಫೋಲೇಟ್ ಅಂತ ಇನ್ನೊಂದು ವಿಟಮಿನ್, ರಕ್ತ ಆಗಲಿಕ್ಕೆ, ಹೊಟ್ಟೆಯಲ್ಲಿರುವ ಮಗು ಬೆಳೆಯಲಿಕ್ಕೆ ಬೇಕಾದದ್ದು. ಅದು 72 ಮೈಕ್ರೋಗ್ರಾಂನಿಂದ 51ಕ್ಕೆ ಇಳಿಯುತ್ತದೆ. ನಾರು 2.8 ಗ್ರಾಂ ಇದ್ದದ್ದು 2 ಗ್ರಾಂ. ಪೊಟ್ಯಾಸಿಯಂ ಮಾತ್ರ ಹೆಚ್ಚುಕಡಿಮೆ ಹಾಗೆಯೇ, 300 ಮಿಲಿಗ್ರಾಂ ಆಸುಪಾಸು.

ಇಷ್ಟೆಲ್ಲ ಕಡಿತ ಆದ ಮೇಲೂ ನೆಟ್ ಮೊತ್ತ ಕೆಟ್ಟದ್ದಲ್ಲ, ಅದನ್ನೇ ನಾನು ಹೇಳಲಿಕ್ಕೆ ಹೊರಟದ್ದು. ಹೋಳು ಮಾಡಿ ಬೇಯಿಸಿದ ಒಂದು ಕಪ್ ಹಾಗಲ ಅಂದರೆ ಸುಮಾರು 124 ಗ್ರಾಂ. ಅದರಲ್ಲಿ 41 ಮಿಲಿಗ್ರಾಂ ವಿಟಮಿನ್ ಸಿ. ಐಸಿಎಂಆರ್ ಲೆಕ್ಕದಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಬೇಕು. ಅರ್ಧ ದಿನದ ಪಾಲು ಒಂದು ಕಪ್‌ನಲ್ಲಿ ಬಂತು. ಕ್ಯಾಲರಿ ಎಷ್ಟು? ಇಡೀ ಕಪ್ಪಿಗೆ 24. ಸಕ್ಕರೆ ಅಂಶ ಎರಡೂವರೆ ಗ್ರಾಂನ ಒಳಗೆ. 100 ಗ್ರಾಂನಲ್ಲಿ 94 ಗ್ರಾಂ ಬರೀ ನೀರು.

ಈ 24 ಕ್ಯಾಲರಿಯನ್ನು ನಮ್ಮ ರೂಮಿನ ಊಟದ ಪಕ್ಕ ಇಟ್ಟು ನೋಡಿ. ಮೈದಾದ ಬಿಳಿ ಕುಬೂಸ್ 100 ಗ್ರಾಂಗೆ ಸುಮಾರು 275 ಕ್ಯಾಲರಿ, ಅದರಲ್ಲಿ 55 ಗ್ರಾಂ ಪಿಷ್ಟ. ಅನ್ನ 100 ಗ್ರಾಂಗೆ 130 ಕ್ಯಾಲರಿ, 28 ಗ್ರಾಂ ಪಿಷ್ಟ. ನಮ್ಮಲ್ಲಿ 100 ಗ್ರಾಂ ಅನ್ನ ತಿನ್ನುವವರು ಯಾರು ಮಾರಾಯ್ರೆ, ಅದು ಎರಡು ಹಿಡಿ. ಶುಕ್ರವಾರ ಬಿರಿಯಾನಿ ದಿನ ಕೇಳುವುದೇ ಬೇಡ. ಊಟದ ಜೊತೆಗೆ ಒಂದು ಕ್ಯಾನ್ ಕೋಲಾ, ಅದರಲ್ಲಿ 35 ಗ್ರಾಂ ಸಕ್ಕರೆ. ಅಂದರೆ ಏಳೆಂಟು ಚಮಚ. ಒಂದು ಕೈಯಲ್ಲಿ ಹಾಗಲಕಾಯಿ ಪಲ್ಯ, ಇನ್ನೊಂದು ಕೈಯಲ್ಲಿ ಕೋಲಾ ಹಿಡಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಳಿದರೆ "ಅದು ಇದನ್ನು ಕಟ್ ಮಾಡ್ತದೆ" ಅಂತಾರೆ. ಕಟ್ ಮಾಡುವುದಿಲ್ಲ. ಹಾಗಲಕಾಯಿಯ ನಿಜವಾದ ಉಪಕಾರ ಎಲ್ಲಿ ಅಂದರೆ, ಅದು ತಟ್ಟೆಯಲ್ಲಿ ಜಾಗ ಹಿಡಿಯುತ್ತದೆ. ಒಂದು ಕಪ್ ಪಲ್ಯ ಹಾಕಿಕೊಂಡವನು ಒಂದು ಕುಬೂಸ್ ಕಡಿಮೆ ತಿಂದರೆ ಅಲ್ಲಿ ಲಾಭ. ಮೂರು ಕುಬೂಸಿನ ಮೇಲೆ ಇದನ್ನೂ ತಿಂದರೆ ಲೆಕ್ಕದಲ್ಲಿ ಎಂತ ವ್ಯತ್ಯಾಸವೂ ಆಗುವುದಿಲ್ಲ.

ಕಹಿ ಇದ್ದರೆ ಕಬ್ಬಿಣ ಉಂಟು ಅಂತ ಒಂದು ನಂಬಿಕೆ. ಬೇಯಿಸಿದ ಹಾಗಲದಲ್ಲಿ ಕಬ್ಬಿಣ 100 ಗ್ರಾಂಗೆ 0.38 ಮಿಲಿಗ್ರಾಂ ಮಾತ್ರ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅನ್ನುತ್ತದೆ ಐಸಿಎಂಆರ್. ಹಾಗಾಗಿ ರಕ್ತಹೀನತೆ ಇರುವ ಸಹೋದರಿಯರು ಹಾಗಲಕಾಯಿ ನಂಬಿ ಕೂರಬೇಡಿ. ಆದರೆ ಹುರುಳಿ, ಕಡಲೆ, ಬೇಳೆ ಇಂಥವುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲಿಕ್ಕೆ ವಿಟಮಿನ್ ಸಿ ಸಹಾಯ ಮಾಡುತ್ತದೆ. ಬೇಳೆ ಸಾರಿನ ಪಕ್ಕ ಹಾಗಲ ಪಲ್ಯ ಇದ್ದರೆ ಒಳ್ಳೆಯ ಜೋಡಿ. ಊಟ ಮುಗಿದ ಕೂಡಲೇ ಸುಲೈಮಾನಿ ಕುಡಿದರೆ ಚಹಾ ಆ ಕಬ್ಬಿಣವನ್ನು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಇನ್ನು ಅಡುಗೆ. ಇಲ್ಲಿ ನನ್ನ ಹೆಂಡತಿ ಎದುರಿಗೆ ಕೂತಿದ್ದಾಳೆ, ತಪ್ಪಿದರೆ ತಿದ್ದುತ್ತಾಳೆ. ಉಮ್ಮ ಊರಲ್ಲಿ ಮಾಡುತ್ತಿದ್ದದ್ದು ಹೀಗೆ: ಹಾಗಲ ಹೆಚ್ಚಿ, ಒಂದು ಮುಷ್ಟಿ ಉಪ್ಪು ಹಾಕಿ ಕಲಸಿ ಅರ್ಧ ಗಂಟೆ ಇಟ್ಟು, ಎರಡು ಕೈಯಲ್ಲಿ ಹಿಂಡಿ, ಆ ಹಸಿರು ನೀರನ್ನು ಚೆಲ್ಲುವುದು. ಕಹಿ ಹೋಗುತ್ತದೆ, ನಿಜ. ಕಹಿಯ ಜೊತೆಗೆ ನೀರಿಗೆ ಇಳಿಯುವ ವಿಟಮಿನ್ನೂ ಹೋಗುತ್ತದೆ, ಬದಲಿಗೆ ಉಪ್ಪು ಒಳಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ, ಅದು ಒಂದು ಸಣ್ಣ ಚಮಚ. ಬೇಯಿಸಿದ ಹಾಗಲದಲ್ಲಿ ತನ್ನದೇ ಆದ ಸೋಡಿಯಂ 100 ಗ್ರಾಂಗೆ ಬರೀ 6 ಮಿಲಿಗ್ರಾಂ. ಬಿ.ಪಿ. ಇರುವವರಿಗೆ ಹೇಳಿ ಮಾಡಿಸಿದ ತರಕಾರಿ ಅದು. ನಾವೇ ಅದನ್ನು ಉಪ್ಪಿನಕಾಯಿ ಮಾಡಿ ತಿನ್ನುತ್ತೇವೆ.

ಮತ್ತೊಂದು ಗೊಜ್ಜು. ಊರಿನ ಮದುವೆ ಊಟದ ಹಾಗಲಕಾಯಿ ಮೆಣಸ್ಕಾಯಿ ನೆನಪಾದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಹುಳಿ, ಎಳ್ಳು, ಒಂದು ದೊಡ್ಡ ತುಂಡು ಬೆಲ್ಲ. ಬೆಲ್ಲ 25 ಗ್ರಾಂ ಹಾಕಿದರೆ ಸುಮಾರು 95 ಕ್ಯಾಲರಿ, ಹೆಚ್ಚುಕಡಿಮೆ ಎಲ್ಲವೂ ಸಕ್ಕರೆಯೇ. ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ, ಅದನ್ನು ಶುಗರಿನ ಮದ್ದು ಅಂತ ಬಡಿಸಬೇಡಿ ಅಷ್ಟೇ. ಎಣ್ಣೆಯಲ್ಲಿ ಗರಿಗರಿ ಕರಿದ ಚಿಪ್ಸ್‌ನ ಕಥೆಯೂ ಅಷ್ಟೇ. ಒಂದು ದೊಡ್ಡ ಚಮಚ ಎಣ್ಣೆಯೇ 120 ಕ್ಯಾಲರಿ. ಐದು ಕಪ್ ಬೇಯಿಸಿದ ಹಾಗಲಕ್ಕೆ ಸಮ.

ನಮ್ಮ ಮನೆಯಲ್ಲಿ ಈಗ ಮಾಡುವ ಕ್ರಮ ಹೇಳ್ತೇನೆ. ಕಾಯಿ ಎಳೆಯದು, ಗಟ್ಟಿ, ಹಸಿರು ಇರಬೇಕು. ಹಳದಿಗೆ ತಿರುಗಿದ್ದು ಬೇಡ. ಮೇಲಿನ ಮುಳ್ಳು ಹೆರೆಯುವುದಿಲ್ಲ, ಸಿಪ್ಪೆ ಸಹಿತ ತೆಳ್ಳಗೆ ಹೆಚ್ಚುವುದು. ಬಲಿತ ಬೀಜ ತೆಗೆಯುವುದು. ಬಾಣಲೆಗೆ ಎರಡು ಸಣ್ಣ ಚಮಚ ಎಣ್ಣೆ, ಸಾಸಿವೆ, ಬೇವಿನ ಸೊಪ್ಪು, ಈರುಳ್ಳಿ ಜಾಸ್ತಿ. ಈರುಳ್ಳಿ ಕೆಂಪಾದ ಮೇಲೆ ಹಾಗಲ, ಅರಶಿನ, ಹಸಿಮೆಣಸು, ಕಾಲು ಲೋಟ ನೀರು. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ನೀರು ಅದರಲ್ಲೇ ಇಂಗಬೇಕು, ಬಸಿಯಬಾರದು. ಇಳಿಸುವಾಗ ಚೂರು ಉಪ್ಪು, ಒಂದು ಹಿಡಿ ತೆಂಗಿನ ತುರಿ. ಒಲೆ ಆರಿಸಿದ ಮೇಲೆ ಲಿಂಬೆ ಹಿಂಡುವುದು, ಮೊದಲೇ ಹಿಂಡಿದರೆ ಅದರ ವಿಟಮಿನ್ನೂ ಬಿಸಿಗೆ ಹೋಗುತ್ತದೆ. ಒಣ ಸಿಗಡಿ ಇದ್ದರೆ ಹಾಕಿ. ಕಹಿ ಅನ್ನುವ ಮಕ್ಕಳೂ ಸಿಗಡಿ ಹುಡುಕುತ್ತಾ ನಾಲ್ಕು ತುಂಡು ಹಾಗಲ ತಿಂದಿರುತ್ತಾರೆ.

ಬ್ಯಾಚುಲರ್ ರೂಮಿನವರಿಗೆ ಇನ್ನೂ ಸುಲಭದ್ದು ಒಂದು ಉಂಟು. ನಮ್ಮ ಆಫೀಸಿನ ಫಿಲಿಪಿನೋ ಸಹೋದ್ಯೋಗಿ ಒಂದು ದಿನ ಡಬ್ಬಿ ತೆರೆದಾಗ ನೋಡುತ್ತೇನೆ, ಹಾಗಲಕಾಯಿ ಮತ್ತು ಮೊಟ್ಟೆ! ಅವರು ಅಂಪಲಾಯ ಅಂತಾರೆ. ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಬಾಡಿಸಿ, ಹಾಗಲ ಹಾಕಿ, ಕೊನೆಗೆ ಎರಡು ಮೊಟ್ಟೆ ಒಡೆದು ಕಲಸುವುದು. ಹದಿನೈದು ನಿಮಿಷದ ಕೆಲಸ. ಹಾಗಲದಲ್ಲಿ ಪ್ರೋಟೀನು 100 ಗ್ರಾಂಗೆ ಒಂದು ಗ್ರಾಂ ಕೂಡ ಇಲ್ಲ, ಆ ಕೊರತೆಯನ್ನು ಮೊಟ್ಟೆ ತುಂಬುತ್ತದೆ. ಜಪಾನಿನ ಒಕಿನಾವಾ ದ್ವೀಪದವರೂ ಇದನ್ನೇ ಮೊಟ್ಟೆ ಮತ್ತು ಸೋಯಾ ಪನೀರಿನ ಜೊತೆ ಹುರಿದು ತಿನ್ನುತ್ತಾರಂತೆ. ಬಂಗಾಳಿಗಳು ಊಟದ ಶುರುವಿಗೇ ಕಹಿ ತಿನ್ನುವವರು. ನಮ್ಮ ಕ್ಯಾಂಪಿನಲ್ಲಿ ಬಾಂಗ್ಲಾದ ಸಹೋದರರು ಕರೇಲಾ ಕೊಳ್ಳುವಷ್ಟು ನಾವು ಕೊಳ್ಳುವುದಿಲ್ಲ. ಕಹಿ ಅಂತ ಮೂಗು ಮುರಿಯುವವರು ನಾವೇ ಜಾಸ್ತಿ ಅಂತ ಕಾಣುತ್ತದೆ.

ಈಗ ಆ ಕಥೆ. ಇದನ್ನು ಹೇಳಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಅವರಿಗೇ ಫೋನ್ ಮಾಡಿ ಕೇಳಿದೆ. "ಹೆಸರು ಹೇಳಬೇಡ, ಉಳಿದದ್ದೆಲ್ಲ ಹೇಳು" ಅಂದರು.

ಹೆಂಡತಿ ಮಕ್ಕಳು ಇಲ್ಲಿಗೆ ಬರುವ ಮೊದಲು ನಾನೂ ರೂಮಿನಲ್ಲಿದ್ದವನು. ಐದು ಜನ. ಅದರಲ್ಲಿ ಹಿರಿಯರೊಬ್ಬರು, ನಾವೆಲ್ಲ ಕಾಕ ಅಂತಲೇ ಕರೆಯುತ್ತಿದ್ದದ್ದು. ಡ್ರೈವರ್ ಕೆಲಸ. ಎಂಟು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಾ ಇದ್ದರು. ಒಂದು ದಿನ ರಾತ್ರಿ ಒಂದು ವಿಡಿಯೋ ಬಂತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ, 90 ದಿನದಲ್ಲಿ ಮಾತ್ರೆ ಬಿಡಬಹುದು ಅಂತ. ಕಾಕ ಅದನ್ನು ನನಗೆ ತೋರಿಸಿ, "ನೀನು ಓದಿದವನು, ಹೇಳು" ಅಂದರು.

ನಾನು ಎಂತ ಮಾಡಿದೆ ಗೊತ್ತಾ? ಕ್ಯಾಲ್ಕುಲೇಟರ್ ತೆಗೆದೆ. ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಟ್ಯಾಕ್ಸಿ, ಇನ್ಶೂರೆನ್ಸಿನವರು ಕೊಡದ ಪಾಲು, ಅರ್ಧ ದಿನದ ಓವರ್‌ಟೈಮ್ ನಷ್ಟ, ಎಲ್ಲ ಕೂಡಿಸಿದೆ. ಇನ್ನೊಂದು ಕಡೆ ಹಾಗಲಕಾಯಿಯ ಕಿಲೋ ದರ. ಕಳೆದೆ. "ಕಾಕ, ತಿಂಗಳಿಗೆ 110 ರಿಯಾಲ್ ಉಳೀತದೆ" ಅಂದೆ. ಅವರ ಮಗಳು ಆಗ ನರ್ಸಿಂಗ್ ಓದುತ್ತಿದ್ದಳು. 110 ರಿಯಾಲ್ ಅಂದ ಕೂಡಲೇ ಅವರ ಮುಖದಲ್ಲಿ ಬಂದ ಬೆಳಕು ನನಗೆ ಇವತ್ತಿಗೂ ಕಾಣುತ್ತದೆ. ಕೆಮಿಕಲ್ ಬೇಡ, ಗಿಡದ್ದು ಸಾಕು ಅಂತ ಅವರೂ ಹೇಳಿದರು, ನಾವೂ ತಲೆ ಆಡಿಸಿದೆವು. ಆಮೇಲೆ ಓದಿ ತಿಳಿದುಕೊಂಡದ್ದು, ಮೆಟ್‌ಫಾರ್ಮಿನ್‌ನ ಮೂಲವೂ ಒಂದು ಗಿಡವೇ. ಗ್ಯಾಲೆಗಾ ಅಂತ ಯುರೋಪಿನ ಒಂದು ಗಿಡದಲ್ಲಿದ್ದ ಅಂಶದ ಜಾಡು ಹಿಡಿದು ಹೋಗಿ, 1957ರಲ್ಲಿ ಫ್ರಾನ್ಸಿನ ಡಾಕ್ಟರರೊಬ್ಬರು ಮನುಷ್ಯರ ಮೇಲೆ ಪರೀಕ್ಷಿಸಿ ಬರೆದ ಔಷಧಿ ಅದು. ಗಿಡದ್ದು ಒಳ್ಳೆಯದು, ಮಾತ್ರೆ ಕೆಟ್ಟದ್ದು ಅನ್ನುವ ವಾದಕ್ಕೆ ಅಲ್ಲೇ ಕಾಲಿಲ್ಲ.

ಕಾಕ ನಾಲ್ಕು ತಿಂಗಳು ರಸ ಕುಡಿದರು. ಬೆಳಿಗ್ಗೆ ನಾಲ್ಕೂವರೆಗೆ ಮಿಕ್ಸಿಯ ಶಬ್ದಕ್ಕೆ ನಾವು ಏಳುತ್ತಿದ್ದೆವು. ಒಂದು ದಿನವೂ ಶುಗರ್ ಚೆಕ್ ಮಾಡಲಿಲ್ಲ. ಕಹಿ ಕುಡಿಯುತ್ತಿದ್ದೇನೆ, ಕಡಿಮೆ ಆಗದೆ ಎಲ್ಲಿಗೆ ಹೋಗ್ತದೆ ಅಂತ. ಅನ್ನ, ಕುಬೂಸ್, ಗಾಡಿ ಓಡಿಸುವಾಗ ಜ್ಯೂಸ್ ಎಲ್ಲ ಮೊದಲಿನ ಹಾಗೆಯೇ. ಮೊದಲಿಗಿಂತ ಸ್ವಲ್ಪ ಧೈರ್ಯವಾಗಿಯೇ. ಬೇಸಿಗೆಯಲ್ಲಿ ಸೇಫ್ಟಿ ಶೂ ಒಳಗೆ ಕಾಲಿನ ಹೆಬ್ಬೆರಳಿಗೆ ಒಂದು ಬೊಕ್ಕೆ ಎದ್ದಿತು. ಕಾಲಿನ ಸ್ಪರ್ಶ ಕಡಿಮೆ ಆಗಿದ್ದರಿಂದ ಗೊತ್ತಾಗಲಿಲ್ಲ. ಗೊತ್ತಾಗುವಾಗ ಬಣ್ಣ ತಿರುಗಿತ್ತು. ಆಸ್ಪತ್ರೆಯಲ್ಲಿ ಎಚ್‌ಬಿಎ1ಸಿ ಅಂತ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿದರು, 11.8 ಬಂತು. 6.5 ದಾಟಿದರೇ ಡಯಾಬಿಟಿಸ್. ಹೆಬ್ಬೆರಳು ತೆಗೆದರು. ಹೆವಿ ಗಾಡಿ ಓಡಿಸುವ ಫಿಟ್‌ನೆಸ್ ಸಿಗಲಿಲ್ಲ, ಆರು ತಿಂಗಳೊಳಗೆ ಎಕ್ಸಿಟ್ ಹೊಡೆದು ಊರಿಗೆ ಹೋದರು.

ನಾಲ್ಕು ತಿಂಗಳ ಉಳಿತಾಯ 440 ರಿಯಾಲ್. ಆ ಲೆಕ್ಕ ಹಾಕಿದ ಕಾಗದ ನನ್ನ ಬಳಿ ಇನ್ನೂ ಉಂಟು.

ಹಾಗಾದರೆ ಹಾಗಲಕಾಯಿಗೆ ಶುಗರ್ ಇಳಿಸುವ ಗುಣ ಇಲ್ಲವೇ ಇಲ್ಲವಾ ಅಂತ ನೀವು ಕೇಳಬಹುದು. ಇಲ್ಲ ಅಂತಲ್ಲ. ಅದರಲ್ಲಿ ಕ್ಯಾರಂಟಿನ್ ಅಂತ ಒಂದು ಅಂಶ, ಪಾಲಿಪೆಪ್ಟೈಡ್-ಪಿ ಅಂತ ಇನ್ಸುಲಿನ್ ಹೋಲುವ ಇನ್ನೊಂದು ಅಂಶ ಉಂಟು, ಇವುಗಳ ಮೇಲೆ ದಶಕಗಳಿಂದ ಸಂಶೋಧನೆ ನಡೆದಿದೆ. ಫಿಲಿಪೀನ್ಸಿನ ಆರೋಗ್ಯ ಇಲಾಖೆಯ ಹತ್ತು ಔಷಧಿ ಗಿಡಗಳ ಪಟ್ಟಿಯಲ್ಲೂ ಇದರ ಹೆಸರು ಉಂಟು. ಆದರೆ "ಗಿಡದ ಇನ್ಸುಲಿನ್" ಅಂತ ವಿಡಿಯೋದವರು ಹೇಳುವ ಆ ಪಾಲಿಪೆಪ್ಟೈಡನ್ನು ಶುದ್ಧ ಮಾಡಿ ಚುಚ್ಚಿ ಪರೀಕ್ಷಿಸಿದ್ದು, ಪಲ್ಯ ಮಾಡಿ ತಿನ್ನಿಸಿದ್ದಲ್ಲ. ಥಾಯ್ಲೆಂಡಿನಲ್ಲಿ ಹಾಗಲದ ಪುಡಿಯನ್ನು ಮೆಟ್‌ಫಾರ್ಮಿನ್ ಜೊತೆ ನಾಲ್ಕು ವಾರ ಹೋಲಿಸಿ ನೋಡಿದರು, 2011ರಲ್ಲಿ ಅದರ ವರದಿ ಬಂತು. ದಿನಕ್ಕೆ 2 ಗ್ರಾಂ ಪುಡಿ ತಗೊಂಡವರಿಗೆ ಸ್ವಲ್ಪ ಇಳಿಯಿತು. ದಿನಕ್ಕೆ 1 ಗ್ರಾಂ ಮೆಟ್‌ಫಾರ್ಮಿನ್ ತಗೊಂಡವರಿಗೆ ಅದಕ್ಕಿಂತ ಹೆಚ್ಚು ಇಳಿಯಿತು. ಮರುವರ್ಷ ಕಾಕ್ರೇನ್ ಎಂಬ ಸಂಸ್ಥೆಯವರು ಅಲ್ಲಿವರೆಗಿನ ಒಳ್ಳೆಯ ಪರೀಕ್ಷೆಗಳನ್ನೆಲ್ಲ ಒಟ್ಟುಹಾಕಿ ನೋಡಿ, ಡಯಾಬಿಟಿಸಿಗೆ ಇದನ್ನು ಔಷಧಿಯಾಗಿ ಸೂಚಿಸುವಷ್ಟು ಪುರಾವೆ ಇಲ್ಲ ಅಂತ ಬರೆದರು. ಆಡಿಟರ್ ಭಾಷೆಯಲ್ಲಿ ಹೇಳುವುದಾದರೆ, ವೋಚರ್ ಸಾಲದು.

ಕೆಲವರಿಗೆ ಇದರ ಉಲ್ಟಾ ತೊಂದರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಇಂಥ ಮಾತ್ರೆ ತಗೊಳ್ಳುವವರು ಅದರ ಮೇಲೆ ಹಾಗಲದ ರಸವನ್ನೋ ಪುಡಿಯನ್ನೋ ಸೇರಿಸಿದರೆ ಶುಗರ್ ತೀರಾ ಕೆಳಗೆ ಇಳಿಯಬಹುದು. ಬೆವರು, ಕೈ ನಡುಕ, ಕಣ್ಣು ಕತ್ತಲೆ. ಸ್ಟಿಯರಿಂಗ್ ಹಿಡಿದವನಿಗೆ, ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತವನಿಗೆ ಇದು ಸಣ್ಣ ವಿಷಯ ಅಲ್ಲ. ಹಾಗಾದರೆ ತಕ್ಷಣ ಮೂರು ಸಣ್ಣ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಉಪವಾಸದ ತಿಂಗಳಿಗೆ ಮೊದಲು ಮಾತ್ರೆಯ ಹೊತ್ತು, ಪ್ರಮಾಣ ಎರಡನ್ನೂ ಡಾಕ್ಟರ ಹತ್ತಿರ ಕೇಳಿಕೊಳ್ಳಿ, ಸಹರಿಗೆ ರಸ ಕುಡಿಯುವ ಪ್ರಯೋಗ ಬೇಡ. ಗರ್ಭಿಣಿಯರಿಗೂ ರಸ, ಪುಡಿ ಬೇಡ. ಚಿಕ್ಕ ಮಕ್ಕಳಿಗೆ ಇದರ ಕಷಾಯ ಕುಡಿಸಿ ಶುಗರ್ ಇಳಿದು ಎಚ್ಚರ ತಪ್ಪಿದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ.

ಇನ್ನೊಂದು, ಇಲ್ಲಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ಬೆಳಿಗ್ಗೆ ಹೋಟೆಲಿನಲ್ಲಿ ಫೂಲ್ ತಿನ್ನುತ್ತೇವಲ್ಲ, ಆ ಕಾಳು ಕೆಲವರಿಗೆ ಆಗುವುದಿಲ್ಲ. ಜಿ-6-ಪಿ-ಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರು ತಿಂದರೆ ಕೆಂಪು ರಕ್ತಕಣ ಒಡೆಯುತ್ತದೆ. ಈ ಪೂರ್ವ ಪ್ರಾಂತ್ಯದಲ್ಲಿ ಆ ಕೊರತೆ ಜಾಸ್ತಿ, ನಮ್ಮವರಲ್ಲೂ ಇರುವವರಿದ್ದಾರೆ. ಫೂಲ್ ಕಾಳಿನಲ್ಲಿರುವ ವಿಸಿನ್ ಎಂಬ ಅಂಶವೇ ಹಾಗಲಕಾಯಿಯ ಬೀಜದಲ್ಲೂ ಉಂಟು. ನಿಮ್ಮ ಮಗುವಿನ ರಿಪೋರ್ಟಿನಲ್ಲಿ ಅದು ಬರೆದಿದ್ದರೆ ಹಾಗಲದ ಬೀಜ ಕೊಡುವ ಮೊದಲು ಡಾಕ್ಟರನ್ನು ಕೇಳಿ.

ಕೊನೆಗೆ ಜ್ಯೂಸಿನ ಬಗ್ಗೆಯೇ ಒಂದು ಮಾತು. ಹಾಗಲ, ಸೋರೆಕಾಯಿ ಎರಡನ್ನೂ ಸೇರಿಸಿ ರಸ ಮಾಡುವ ಅಭ್ಯಾಸ ಕೆಲವರಲ್ಲಿ ಉಂಟು. ಸೋರೆಕಾಯಿ ಕಹಿಯಾಗಿದ್ದರೆ ಅದು ವಿಷ, 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಅದರಿಂದ ತೀರಿಹೋದರು. ಆಮೇಲೆ ಐಸಿಎಂಆರ್ ಸಮಿತಿ ಮಾಡಿ, ಸೋರೆಯ ರಸವನ್ನು ಬೇರೆ ರಸದ ಜೊತೆ ಬೆರೆಸಬೇಡಿ, ಕಹಿ ಇದ್ದರೆ ಚೆಲ್ಲಿ ಅಂದಿತು. ಹಾಗಲ ಬೆರೆಸಿದರೆ ಯಾವುದರ ಕಹಿ ಯಾವುದು ಅಂತ ಯಾರಿಗೆ ಗೊತ್ತಾಗ್ತದೆ? ಬೇಯಿಸಿ ತಿನ್ನುವವನಿಗೆ ಈ ತಾಪತ್ರಯ ಇಲ್ಲ. ನಾರೂ ಹೊಟ್ಟೆಗೆ ಹೋಗುತ್ತದೆ. ಕಹಿಯೇ ಮಿತಿ ಹಾಕುತ್ತದೆ, ಒಂದು ಕಪ್‌ಗಿಂತ ಜಾಸ್ತಿ ತಿನ್ನಲಿಕ್ಕೆ ಯಾರಿಗೂ ಆಗುವುದಿಲ್ಲ.

ನಾನು ವಾರಕ್ಕೆ ಎರಡು ದಿನ ತಿನ್ನುತ್ತೇನೆ. ಮಾತ್ರೆಯನ್ನೂ ನುಂಗುತ್ತೇನೆ. ರಾತ್ರಿ ಕುಬೂಸ್ ಅರ್ಧ ಮಾಡಿದ್ದೇನೆ, ಇದು ಹಾಗಲಕಾಯಿಗಿಂತ ಕಷ್ಟ ಆಯಿತು. ಕಳೆದ ಸಲದ ಎಚ್‌ಬಿಎ1ಸಿ 6.9. ಯಾವುದರಿಂದ ಎಷ್ಟು ಇಳಿಯಿತು ಅಂತ ಬೇರೆ ಬೇರೆ ಮಾಡಿ ತೋರಿಸಲಿಕ್ಕೆ ನನಗೆ ಬರುವುದಿಲ್ಲ.

ಕಾಕ ಈಗ ಊರಲ್ಲಿ ಸಣ್ಣ ಅಂಗಡಿ ಇಟ್ಟಿದ್ದಾರೆ. ಮಗಳ ನರ್ಸಿಂಗ್ ಮುಗಿದಿದೆ, ಅವರ ಇನ್ಸುಲಿನ್ ಲೆಕ್ಕ ಈಗ ಅವಳ ಕೈಯಲ್ಲಿ. ಮೊನ್ನೆ ಫೋನಿನಲ್ಲಿ ಮಾತಾಡುವಾಗ ಕೇಳಿದೆ, ಈಗ ಹಾಗಲಕಾಯಿ ತಿನ್ತೀರಾ ಅಂತ. "ಅಂಗಳದಲ್ಲೇ ಚಪ್ಪರ ಹಾಕಿದ್ದೇನೆ ಮಾರಾಯ, ಪಲ್ಯ ಮಾಡ್ತಾರೆ. ಮಿಕ್ಸಿ ಮಾತ್ರ ಮಗಳು ಮುಟ್ಟಲಿಕ್ಕೆ ಬಿಡುವುದಿಲ್ಲ" ಅಂದರು.

ಹೊರಗಿನ ಮೇಜಿನ ಮೇಲೆ ಗ್ಲುಕೋಮೀಟರ್ ಇಟ್ಟು ನಮ್ಮ ಇಬ್ಬರು ನರ್ಸ್ ಸಹೋದರಿಯರು ಕೂತಿದ್ದಾರೆ. ಊಟಕ್ಕೆ ಮೊದಲು ಬೆರಳು ಕೊಡಿ, ಆಮೇಲೆ ಬಿರಿಯಾನಿ. ಅದರ ಪಕ್ಕದ ಸಣ್ಣ ಪಾತ್ರೆಯಲ್ಲಿ ಇರುವುದು ನಮ್ಮ ಮನೆಯ ಹಾಗಲ ಪಲ್ಯ. ಒಣ ಸಿಗಡಿ ಹಾಕಿದ್ದೇವೆ.